ತ್ಸುರುನೊಯು: ಹಾಲುಬಣ್ಣದ ಬಿಸಿನೀರಿನ ಮನೆ

ಟೋಕಿಯೊದಿಂದ ಹೊರಟ ಕೊಮಾಚಿ ಎಂಬ ಶಿಂಕಾನ್‌ಸೆನ್ ರೈಲು ಮೊರಿಯೊಕಾವರೆಗೆ ಶರವೇಗದಲ್ಲಿ ಓಡುತ್ತದೆ. ಅಲ್ಲಿಂದ ಮುಂದೆ ಅದಕ್ಕೆ ಸಾಮಾನ್ಯ ರೈಲಿನ ಹಳಿಯೇ ದಾರಿ. ಹೊಳೆ, ಸುರಂಗ, ಕಣಿವೆಗಳನ್ನು ದಾಟುತ್ತಾ ನಿಧಾನವಾಗಿ ಪಶ್ಚಿಮಕ್ಕೆ ಸಾಗುತ್ತದೆ. ಸುಮಾರು ಮೂರು ಗಂಟೆಯ ಪಯಣದ ನಂತರ ಅಕಿತಾ ಪ್ರಾಂತದ ತಜಾವಾಕೊ ನಿಲ್ದಾಣದಲ್ಲಿ ಇಳಿದೆವು. ಜಪಾನಿನಲ್ಲೇ ಅತಿ ಆಳವಾದ, 423 ಮೀಟರ್ ಆಳದ ಸರೋವರ ಇರುವುದು ಈ ಊರಿನಲ್ಲೇ. ಅಕ್ಟೋಬರ್ ತಿಂಗಳ ಕೊನೆ. ಬಸ್ಸು ಬೆಟ್ಟ ಹತ್ತಿದಂತೆಲ್ಲ ಬೀಚ್ ಮರಗಳ ಕಾಡು ಹಳದಿಯಿಂದ ಕಂದುಬಣ್ಣಕ್ಕೆ ತಿರುಗುತ್ತಾ ಬಂತು. ಕೊನೆಯ ಒಂದಷ್ಟು ದೂರ ಕರೆದೊಯ್ಯಲು ವಸತಿಗೃಹದ ವ್ಯಾನು ಕಾದಿತ್ತು. ಟೋಕಿಯೊದಲ್ಲಿ ಕೆಲಸದಲ್ಲಿರುವ ಗೆಳತಿ ಜೊತೆಗಿದ್ದುದರಿಂದ ನನಗೆ ಭಾಷೆಯ ಚಿಂತೆಯಿರಲಿಲ್ಲ.

ನ್ಯೂತೊ ಬೆಟ್ಟದ ತಪ್ಪಲಿನಲ್ಲಿ ಬಿಸಿನೀರಿನ ಬುಗ್ಗೆಗಳನ್ನೇ ನಂಬಿಕೊಂಡ ಏಳು ವಸತಿಗೃಹಗಳಿವೆ. ಅವುಗಳಲ್ಲಿ ಬಹಳ ಹಳೆಯದು ತ್ಸುರುನೊಯು. 1638ರಲ್ಲಿ ಅಕಿತಾದ ಎರಡನೆಯ ದೊರೆ ಸತಾಕೆ ಯೊಶಿತಾಕಾ ಚಿಕಿತ್ಸೆಗೆಂದು ಇಲ್ಲಿಗೆ ಬಂದಿದ್ದ. ಅವನ ಕಾವಲಿನವರು ತಂಗಿದ್ದರೆಂದು ಹೇಳುವ ಹುಲ್ಲುಮಾಡಿನ ಸಾಲುಮನೆಯಲ್ಲೇ ನಮಗೆ ಕೋಣೆ ಸಿಕ್ಕಿತು. ತತಾಮಿ ಚಾಪೆ, ಮಂದ ಬೆಳಕಿನ ದೀಪ, ನಡುವೆ ನೆಲದಲ್ಲೇ ತೋಡಿದ ಇದ್ದಿಲ ಒಲೆ. ಟಿವಿ ಇಲ್ಲ. ಬೇಕಾದ್ದು ಯಾವುದೂ ಕಡಿಮೆಯೆನಿಸಲಿಲ್ಲ.

ಸ್ನಾನಕ್ಕೆ ಹೊರಟಾಗ ಗೆಳತಿ ಎಚ್ಚರಿಸಿದಳು: "ಕಾಲುಂಗುರ, ಗೆಜ್ಜೆ ಎಲ್ಲ ತೆಗೆದಿಡು ಕಣೇ. ಈ ನೀರಿಗೆ ಬೆಳ್ಳಿ ಕಪ್ಪಾಗಿಬಿಡುತ್ತೆ." ಗಂಧಕದ ನೀರಿನ ಗುಣವೇ ಹಾಗೆ. ನೆಲದಿಂದ ಉಕ್ಕುವಾಗ ಅದು ತಿಳಿಯಾಗಿರುತ್ತದೆ. ಗಾಳಿ ತಾಗಿದೊಡನೆ ಅದರಲ್ಲಿರುವ ಹೈಡ್ರೋಜನ್ ಸಲ್ಫೈಡಿನಿಂದ ಗಂಧಕದ ಅತಿಸೂಕ್ಷ್ಮ ಕಣಗಳು ಬೇರ್ಪಟ್ಟು ನೀರಿನಲ್ಲಿ ತೇಲುತ್ತವೆ. ಬೆಳಕು ಅವುಗಳ ಮೇಲೆ ಬಿದ್ದು ಚದುರುವುದರಿಂದ ಕೊಳವೆಲ್ಲ ಹಾಲು ತುಂಬಿದ ಹಾಗೆ ಕಾಣುತ್ತದೆ.

ಇಲ್ಲಿ ಕೊಳಕ್ಕಿಳಿಯುವ ಮೊದಲೇ ಸ್ನಾನ ಮುಗಿದಿರಬೇಕು. ಗಿಡ್ಡ ಮಣೆಯ ಮೇಲೆ ಕುಳಿತು, ತಂಬಿಗೆಯಿಂದ ನೀರು ಹೊಯ್ದುಕೊಂಡು, ಸೋಪಿನ ನೊರೆ ಒಂದಿಷ್ಟೂ ಉಳಿಯದಂತೆ ಮೈ ತೊಳೆದುಕೊಳ್ಳಬೇಕು. ಉದ್ದಗೂದಲನ್ನು ಎತ್ತಿ ಕಟ್ಟಬೇಕು. ಕೈಯಲ್ಲಿರುವ ಸಣ್ಣ ಟವೆಲ್ಲನ್ನು ನೀರಿಗೆ ಅದ್ದುವಂತಿಲ್ಲ. ಮಡಚಿ ನೆತ್ತಿಯ ಮೇಲಿಟ್ಟುಕೊಳ್ಳುತ್ತಾರೆ. ಬಟ್ಟೆ ತೊಟ್ಟು ಇಳಿಯುವ ಪದ್ಧತಿಯೂ ಇಲ್ಲ. ಬಯಲಿನ ದೊಡ್ಡ ಕೊಳ ಗಂಡಸರಿಗೂ ಹೆಂಗಸರಿಗೂ ಸೇರಿದ್ದಾದರೂ ಹೆಂಗಸರಿಗೆಂದೇ ಬೇರೆ ಕೊಳಗಳಿವೆ. ನಾವು ಅಲ್ಲಿಗೇ ಹೋದೆವು. ಸಂಕೋಚದ ಭಾರ ಹೆಚ್ಚು ಹೊತ್ತು ಉಳಿಯಲಿಲ್ಲ. ಅಜ್ಜಿಯರು, ಮೊಮ್ಮಕ್ಕಳು, ಕಾಲೇಜು ಹುಡುಗಿಯರು, ಎಲ್ಲರೂ ಕುತ್ತಿಗೆಯವರೆಗೆ ಬಿಳಿ ನೀರಿನಲ್ಲಿದ್ದರು. ಯಾರೂ ಯಾರನ್ನೂ ದಿಟ್ಟಿಸುವುದಿಲ್ಲ.

ಮರುದಿನ ಬೆಳಗಿನ ಜಾವ ಇನ್ನೊಮ್ಮೆ ಇಳಿದಾಗ ಒಬ್ಬ ಹಿರಿಯಾಕೆ ನನ್ನ ಕೈ ಹಿಡಿದು ಎರಡು ಹೆಜ್ಜೆ ಪಕ್ಕಕ್ಕೆ ನಿಲ್ಲಿಸಿದರು. ಕಾಲಡಿಯ ಹರಳುಗಳ ಸಂದಿಯಿಂದ ಗುಳ್ಳೆಗಳು ಎದ್ದು ಅಂಗಾಲಿಗೆ ಕಚಗುಳಿಯಿಟ್ಟವು. ಹಿಂದೆಯೇ ಬಿಸಿನೀರಿನ ಒಂದು ಎಳೆ ಮೀನಖಂಡವನ್ನು ಸುತ್ತಿ ಮೇಲೇರಿತು. ಬುಗ್ಗೆಯ ಬಾಯಿಯ ಮೇಲೆಯೇ ನಿಂತಿದ್ದೆ! ಕೊಳಾಯಿ, ಪಂಪು ಇವಾವುದರ ಗೊಡವೆಯಿಲ್ಲದೆ ನೀರು ತಾನಾಗಿ ಉಕ್ಕಿ, ಕೊಳ ತುಂಬಿ, ಅಂಚಿನಿಂದ ಹರಿದು ಹೋಗುತ್ತಿತ್ತು. ಬಳಸಿದ ನೀರನ್ನೇ ಮತ್ತೆ ತಿರುಗಿಸುವ ಕೊಳಗಳಿಗಿಂತ ಹೀಗೆ ಹರಿದುಹೋಗುವ ಕೊಳಗಳಿಗೆ ಜಪಾನೀಯರು ಹೆಚ್ಚು ಬೆಲೆ ಕೊಡುವುದೇಕೆಂದು ಆಗ ಮೈಗೇ ಅರಿವಾಯಿತು.

ಹಿಂದಿನ ರಾತ್ರಿಯ ಊಟ ಕೋಣೆಯ ಒಲೆಯ ಬಳಿಯೇ ಆಗಿತ್ತು. ಉಪ್ಪು ಸವರಿ ಕಡ್ಡಿಗೆ ಚುಚ್ಚಿದ ಇವಾನಾ ಎಂಬ ಹೊಳೆಮೀನು ಇದ್ದಿಲ ಸುತ್ತ ನಿಂತುಕೊಂಡೇ ಬೆಂದಿತು. ಮೇಲಿನಿಂದ ತೂಗುಬಿಟ್ಟ ಪಾತ್ರೆಯಲ್ಲಿ ಮಿಸೊ ಎಂಬ ಹುದುಗಿಸಿದ ಸೋಯಾ ಹಿಟ್ಟು ಬೆರೆಸಿದ ಸಾರು. ಅದರಲ್ಲಿ ಬೆಟ್ಟದ ಗೆಣಸನ್ನು ತುರಿದು ಕಟ್ಟಿದ ಉಂಡೆಗಳು, ಅಣಬೆ, ಸೊಪ್ಪು. ಉಂಡೆ ಮೇಲೆ ಮೆತ್ತಗೆ, ಒಳಗೆ ಅಂಟಂಟು. ಹೊರಗಿನ ಚಳಿಗೆ ಅದಕ್ಕಿಂತ ಒಳ್ಳೆಯ ಊಟ ಬೇರೆ ಬೇಕಿರಲಿಲ್ಲ.

ಬಟ್ಟೆ ಬದಲಿಸುವ ಕೋಣೆಯಲ್ಲಿ ನೀರಿನ ಜಾತಕವನ್ನೇ ತೂಗುಹಾಕಿದ್ದಾರೆ: ಬುಗ್ಗೆಯ ಹೆಸರು, ಉಷ್ಣಾಂಶ, ಕರಗಿರುವ ಲವಣಗಳು, ಯಾರು ಇಳಿಯಬಾರದು ಎಂಬ ಎಚ್ಚರಿಕೆ. ಇದು ಕಾನೂನಿನ ಕಟ್ಟಳೆ. 1948ರ ಬಿಸಿನೀರಿನ ಬುಗ್ಗೆಗಳ ಕಾಯ್ದೆಯ ಪ್ರಕಾರ ಬಿಸಿನೀರಿನ ಬುಗ್ಗೆ ಎನಿಸಿಕೊಳ್ಳಲು ಹೊಮ್ಮುವ ನೀರು ಕನಿಷ್ಠ 25 ಡಿಗ್ರಿ ಸೆಲ್ಸಿಯಸ್ ಇರಬೇಕು, ಇಲ್ಲವೇ ಪಟ್ಟಿಮಾಡಿದ 19 ಅಂಶಗಳಲ್ಲಿ ಒಂದಾದರೂ ನಿಗದಿತ ಪ್ರಮಾಣದಲ್ಲಿರಬೇಕು. 2004ರಲ್ಲಿ ಬೇರೆ ಕಡೆ ಪುಡಿ ಬೆರೆಸಿ ನೀರನ್ನು ಬಿಳುಪು ಮಾಡಿದ್ದು ಬಯಲಾಗಿ ದೇಶದಲ್ಲೇ ದೊಡ್ಡ ಗುಲ್ಲೆದ್ದಿತ್ತು. ಮರುವರ್ಷದಿಂದ ತಣ್ಣೀರು ಬೆರೆಸಿದ್ದರೆ, ಕಾಯಿಸಿದ್ದರೆ, ಬಳಸಿದ ನೀರನ್ನೇ ಮತ್ತೆ ತಿರುಗಿಸುತ್ತಿದ್ದರೆ ಅದನ್ನೂ ಬರೆದು ಹಾಕಲೇಬೇಕಾಯಿತು. ಮೇಲಿನಿಂದ ಕಾನೂನು, ಕೆಳಗಿನಿಂದ ಮೈ ತೊಳೆದು ಇಳಿಯುವ ಸಾಮಾನ್ಯ ಜನ, ಹೀಗೆ ಎರಡೂ ಕಡೆಯಿಂದ ಈ ನೀರು ಕಾಪಾಡಲ್ಪಟ್ಟಿದೆ. ತ್ಸುರುನೊಯುವಿನ ನಿಜವಾದ ವೈಭವ ಇದೇ ಎಂದು ನಾನು ನಂಬುತ್ತೇನೆ.

ಹೋಗಬೇಕೆನ್ನುವವರಿಗೆ ಕೆಲವು ಮಾತು. ಎಲೆ ಬಣ್ಣವಾಗುವ ಕಾಲದಲ್ಲಿ ಕೋಣೆ ಸಿಗುವುದು ಕಷ್ಟ. ತಿಂಗಳುಗಳ ಮೊದಲೇ ಕಾಯ್ದಿರಿಸಿ. ಸಾರಿಗೆಲ್ಲ ಮೀನಿನ ರಸ ಬೀಳುವುದು ಅಲ್ಲಿ ಸಾಮಾನ್ಯ. ಹಾಗಾಗಿ ಸಸ್ಯಾಹಾರಿಗಳು ಏನನ್ನು ತಿನ್ನುವುದಿಲ್ಲ ಎಂಬುದನ್ನು ಕಾಯ್ದಿರಿಸುವಾಗಲೇ ಬಿಡಿಸಿ ಹೇಳಿ, ಒಪ್ಪಿಗೆ ಪಡೆದೇ ಹೊರಡುವುದು ಒಳ್ಳೆಯದು. ರಕ್ತದೊತ್ತಡ, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಕೊಳ್ಳಿ; ಬಿಸಿನೀರಿನಲ್ಲಿ ಬಹಳ ಹೊತ್ತು ಕೂರಬೇಡಿ. ಫೋನನ್ನು ಕೋಣೆಯಲ್ಲೇ ಬಿಡಿ. ಮೈಯನ್ನು ಚೆನ್ನಾಗಿ ತೊಳೆದುಕೊಂಡೇ ಕೊಳಕ್ಕಿಳಿಯಿರಿ. ಆ ನೀರಿಗೆ ನಾವು ಕೊಡಬಹುದಾದ ಗೌರವ ಅದೊಂದೇ.