ಸೋರುವ ಕವಾಟ, ಮೂರು ವಾರದ ಸೂಜಿ

13 ಅಕ್ಟೋಬರ್ 2025, ಸೋಮವಾರ
ಸೊಲ್ಲಾಪುರದಲ್ಲಿ ಅಣ್ಣನ ಮಗಳ ಹೃದಯದ ಎಕೋ ಪರೀಕ್ಷೆ ಆಯಿತು. ಮೈಟ್ರಲ್ ಕವಾಟ ಸೋರುತ್ತಿದೆ. ಹೃದಯ ಹಿಂಡಿದಾಗ ಮೈಗೆಲ್ಲ ಹೋಗಬೇಕಾದ ರಕ್ತದಲ್ಲಿ ಒಂದು ಪಾಲು ಹಿಂದಕ್ಕೆ, ಪುಪ್ಪುಸದ ಕಡೆಗೆ ನುಗ್ಗುತ್ತದಂತೆ. ನೀರಿನ ಕೊಡ ಹೊತ್ತು ಬರುವಾಗ ಹುಡುಗಿಗೆ ದಮ್ಮು ಹತ್ತುತ್ತಿದ್ದುದು ಅದಕ್ಕೇ.

ಡಾಕ್ಟರು ಹಿಂದಿನದನ್ನೆಲ್ಲ ಕೆದಕಿ ಕೇಳಿದರು. ಎರಡು ವರ್ಷದ ಕೆಳಗೆ ಗಂಟಲು ಬೇನೆ, ಜ್ವರ. ಆಮೇಲೆ ಮೊಣಕಾಲು ಬಾತು, ಅದು ಇಳಿಯುವಷ್ಟರಲ್ಲಿ ಮಣಿಕಟ್ಟು. "ಬೆಳಿಯೂ ಹುಡುಗಿ, ಕೀಲ ಹಿಡದಾವ" ಅಂತ ಅವ್ವ ಎಣ್ಣೆ ತಿಕ್ಕಿದ್ದಳು. ಅದು ರುಮ್ಯಾಟಿಕ್ ಜ್ವರ. ಗಂಟಲಿನ ಸ್ಟ್ರೆಪ್ಟೊಕಾಕಸ್ ಸೋಂಕಿನ ವಿರುದ್ಧ ಎದ್ದ ಮೈಯ ರಕ್ಷಣೆ ದಾರಿ ತಪ್ಪಿ ಕವಾಟಕ್ಕೇ ಪೆಟ್ಟು ಕೊಡುತ್ತದೆ. ಕೀಲು ಗುಣವಾಗುತ್ತವೆ, ಕವಾಟ ಎಷ್ಟೋ ಸಲ ಆಗುವುದಿಲ್ಲ.

ಅಣ್ಣ ಫೋನಿನಲ್ಲಿ ನೋಡಿದ್ದ ವಿಡಿಯೋ ತೋರಿಸಿದ. "ಎದಿ ಕೊಯ್ಯಲಾರದ ಕ್ಲಿಪ್ ಹಾಕ್ತಾರಂತಲ್ರೀ ಸಾಹೇಬ್ರ, ಹೊಲ ಮಾರಿ ಆದ್ರೂ ಹಾಕಸ್ತೀನ್ರಿ." ಡಾಕ್ಟರು ಅವನನ್ನು ಕೂಡಿಸಿ, ಅದು ಇವಳಿಗೆ ಏಕೆ ಹೊಂದುವುದಿಲ್ಲವೆಂದು ಕಾಗದದ ಮೇಲೆ ಚಿತ್ರ ಬರೆದು ಹೇಳಿದರು. ಆ ಸಹನೆಗೆ ಕೈಮುಗಿಯಬೇಕು.

14 ಅಕ್ಟೋಬರ್
ಜ್ವರ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಪೆನಿಡ್ಯೂರ್ ಎಂಬ ಪೆನಿಸಿಲಿನ್ ಸೂಜಿ. ಬೆಳಗ್ಗೆ ಮೊದಲನೆಯದನ್ನು ಹಾಕಿಸಿದೆವು. ಹುಡುಗಿ ಅಳಲಿಲ್ಲ. ಇದು ಬಹಳ ನೋಯುವ ಸೂಜಿ.

ರಾತ್ರಿ ಕ್ಲಿಪ್ಪಿನ ಬಗ್ಗೆ ಓದುತ್ತ ಕೂತೆ. 1991ರಲ್ಲಿ ಇಟಲಿಯ ಸರ್ಜನ್ ಒಟ್ಟಾವಿಯೊ ಆಲ್ಫಿಯೆರಿ ಸೋರುವ ಕವಾಟದ ಎರಡು ಎಸಳುಗಳನ್ನು ನಡುವೆ ಒಂದು ಹೊಲಿಗೆಯಿಂದ ಕೂಡಿಸಿದರು. ಒಂದು ಬಾಯಿ ಎರಡಾಯಿತು, ಸೋರಿಕೆ ಇಳಿಯಿತು. ಅದೇ ಹೊಲಿಗೆಯ ಕೆಲಸವನ್ನು ಎದೆ ತೆರೆಯದೆ ಮಾಡುವುದು ಮೈಟ್ರಾಕ್ಲಿಪ್. ತೊಡೆಯ ರಕ್ತನಾಳದಿಂದ ಕೊಳವೆ ತೂರಿಸಿ, ಹೃದಯದ ನಡುಗೋಡೆ ದಾಟಿಸಿ, ಎರಡು ಎಸಳನ್ನೂ ಕಚ್ಚಿ ಹಿಡಿಸುತ್ತಾರೆ. ಮನುಷ್ಯರಿಗೆ ಮೊದಲು ಹಾಕಿದ್ದು 2003ರಲ್ಲಿ. ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. ಗುಜರಾತಿನ ಮೆರಿಲ್ ಕಂಪನಿ ಈಗ ನಮ್ಮ ದೇಶದಲ್ಲೇ ಇಂಥದೊಂದು ಮಾಡಿದೆ.

ಯಾರಿಗೆ ಹಾಕಬೇಕೆಂಬುದೇ ದೊಡ್ಡ ಪ್ರಶ್ನೆ. 2018ರ ಕೋಆಪ್ಟ್ ಅಧ್ಯಯನದಲ್ಲಿ 614 ರೋಗಿಗಳು. ಹೃದಯ ಹಿಗ್ಗಿ ಕವಾಟ ಸೋರುತ್ತಿದ್ದವರು. ಬರಿಯ ಔಷಧದವರಲ್ಲಿ ಎರಡು ವರ್ಷಕ್ಕೆ ಶೇ. 46ರಷ್ಟು ಮಂದಿ ತೀರಿಕೊಂಡರು, ಕ್ಲಿಪ್ಪೂ ಹಾಕಿಸಿಕೊಂಡವರಲ್ಲಿ ಶೇ. 29. ಅದೇ ವರ್ಷ ಫ್ರಾನ್ಸಿನ ಇನ್ನೊಂದು ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ. ರೋಗಿಯ ಆಯ್ಕೆಯಲ್ಲೇ ಗುಟ್ಟಿದೆ ಎಂಬುದು ಬಹಳಷ್ಟು ತಜ್ಞರ ಮಾತು.

ನಮ್ಮ ಹುಡುಗಿಯದು ಬೇರೆ ಕಾಯಿಲೆ. ರುಮ್ಯಾಟಿಕ್‌ನಲ್ಲಿ ಎಸಳು ದಪ್ಪಗಾಗಿ ಮುದುಡುತ್ತವೆ, ಎಷ್ಟೋ ಜನರಲ್ಲಿ ಕವಾಟದ ಬಾಯಿಯೂ ಕಿರಿದಾಗುತ್ತದೆ. ಅಲ್ಲಿ ಕ್ಲಿಪ್ ಹಾಕಿದರೆ ದಾರಿ ಇನ್ನೂ ಇಕ್ಕಟ್ಟು. ಮುಂದೆ ಬೇಕಾದರೆ ಆಪರೇಷನ್ ಮಾಡಿ, ಬಳೆಯಂಥ ರಿಂಗ್ ಕೂಡಿಸಿ ಅವಳದೇ ಕವಾಟ ಉಳಿಸಲು ನೋಡುತ್ತಾರಂತೆ. ಲೋಹದ ಕವಾಟವಾದರೆ ಜೀವನಪೂರ್ತಿ ರಕ್ತ ತೆಳುವಾಗಿಸುವ ಗುಳಿಗೆ. ನಾಳೆ ಬಸುರಿಯಾದಾಗ ಅದು ತಾಯಿಗೂ ಕೂಸಿಗೂ ಅಪಾಯ. ಹೆಣ್ಣುಮಗಳಿಗೆ ಕವಾಟ ಉಳಿಸುವುದು ಎಷ್ಟು ದೊಡ್ಡದೆಂದು ಇಂದು ತಿಳಿಯಿತು.

21 ಅಕ್ಟೋಬರ್, ಅಮಾವಾಸ್ಯೆ
ನಮ್ಮ ದೇವರು ಮಹಾಲಿಂಗರಾಯನ ಜಾತ್ರೆ. ಏಳು ಪಲ್ಲಕ್ಕಿಗಳ ಭೇಟಿ, ಆಕಾಶವೇ ಅರಿಶಿನದ ಭಂಡಾರ. ಶಿವ–ಪಾರ್ವತಿ ಬಂದು ರಾಯನ ಗುಡಿಯ ಶಿಖರಕ್ಕೆ ಮುಂಡಾಸು ಸುತ್ತುತ್ತಾರೆಂಬ ನಂಬಿಕೆಯಿಂದ ಕರ್ನಾಟಕದಿಂದಲೂ ಜನ ಹರಿದು ಬಂದಿದ್ದಾರೆ. ಅವ್ವ ಮೊಮ್ಮಗಳ ಹಣೆಗೆ ಭಂಡಾರ ಹಚ್ಚಿ, "ರಾಯಪ್ಪ, ಕೂಸಿನ ಎದಿ ಕಾಯಪಾ" ಅಂದಳು. ನಾನೂ ಮನಸಾರೆ ಬೇಡಿಕೊಂಡೆ.

ಮನೆ ತುಂಬ ಬೀಗರು. ಒಂದೇ ಪಡಸಾಲೆಯಲ್ಲಿ ಎಲ್ಲರ ಹಾಸಿಗೆ. ಗಂಟಲ ಸೋಂಕು ಹಬ್ಬುವುದೇ ಹೀಗೆ. ಒಬ್ಬ ಹುಡುಗ ಜ್ವರ ಬಂದು ಉಗುಳು ನುಂಗಲಾರದೆ ಮಲಗಿದ್ದ. ಅವರಪ್ಪನಿಗೆ ನಮ್ಮ ಹುಡುಗಿಯ ಕಥೆ ಹೇಳಿದೆ. ಆತ ಮರುಮಾತಾಡದೆ ಮಗನನ್ನು ಡಾಕ್ಟರ ಹತ್ತಿರ ಕರೆದೊಯ್ದ.

27 ಅಕ್ಟೋಬರ್
ಅಣ್ಣ ಮತ್ತೆ ಹೊಲದ ಮಾತೆತ್ತಿದ. ಬೇಡವೆಂದೆ. ರುಮ್ಯಾಟಿಕ್ ಜ್ವರ ಮರುಕಳಿಸಿದಂತೆಲ್ಲ ಕವಾಟ ಇನ್ನಷ್ಟು ಕೆಡುತ್ತದೆ. ಅದನ್ನು ತಡೆಯುವುದು ಕೆಲವೇ ರೂಪಾಯಿಯ ಪೆನಿಸಿಲಿನ್. ಕವಾಟಕ್ಕೆ ಪೆಟ್ಟು ಬಿದ್ದವರಿಗೆ ಕನಿಷ್ಠ ಹತ್ತು ವರ್ಷ, ಎಷ್ಟೋ ಜನಕ್ಕೆ ನಲವತ್ತರ ವಯಸ್ಸಿನವರೆಗೂ ಬೇಕು. ಮದುವೆ, ಸುಗ್ಗಿ, ಪರೀಕ್ಷೆ ಅಂತ ತಪ್ಪಿಸುವುದೇ ನಮ್ಮ ಹಳ್ಳಿಗಳಲ್ಲಿ ದೊಡ್ಡ ಅಪಾಯ. ಕ್ಲಿಪ್ಪಿಗಾಗಿ ಹೊಲ ಮಾರಲು ಸಿದ್ಧನಾದ ತಂದೆ ಸೂಜಿಯ ದಿನ ಮರೆಯಬಾರದು. ಆರು ತಿಂಗಳಿಗೆ ಮತ್ತೆ ಎಕೋ.

ಮುಂದಿನ ಸೂಜಿ ನವೆಂಬರ್ 4, ಮಂಗಳವಾರ. ಅಣ್ಣ ಜೋಳದ ಹೊಲದಲ್ಲಿರುತ್ತಾನೆ. ನಾನೇ ಕರೆದುಕೊಂಡು ಹೋಗುತ್ತೇನೆ.