ಬದುವಿನ ಒಂದೆಲಗ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯನ್ನು ವಿಸ್ತರಿಸಿ ಬರೆಯಿರಿ ಎಂದು ಏಳನೇ ಕ್ಲಾಸಿನ ಪರೀಕ್ಷೆಯಲ್ಲಿ ಕೇಳಿದ್ದರು. ನಾನು ಬರೆದದ್ದು ಒಂದೇ ಸಾಲು: ‘ನಮ್ಮ ಮನೆಗೆ ಹಿತ್ತಲಿಲ್ಲ.’ ತಲೆಹರಟೆಗೆ ಬರೆದದ್ದಲ್ಲ. ನಿಜವಾಗಿಯೂ ಇರಲಿಲ್ಲ. ನಮ್ಮ ಹಟ್ಟಿಯ ಹಿಂಗೋಡೆಯೇ ದೊಡ್ಡಪ್ಪನ ಹಟ್ಟಿಗೂ ಹಿಂಗೋಡೆ. ಪಾತ್ರೆ ತೊಳೆದ ನೀರೂ ಬೀದಿಗೆ, ಮೈ ತೊಳೆದ ನೀರೂ ಬೀದಿಗೆ. ಮೇಷ್ಟ್ರು ಸೊನ್ನೆ ಹಾಕಿ ಅದರ ಸುತ್ತ ಕೆಂಪಿಂಕಿನಲ್ಲಿ ಎರಡು ಸುತ್ತು ಎಳೆದಿದ್ದರು.

ಈಗ ನಮಗೂ ಹಿತ್ತಲಿದೆ. ಕೇರಿಯ ಆಚೆ ಇಪ್ಪತ್ತು ಮೂವತ್ತರ ಸೈಟು ಸಿಕ್ಕಿ, ಅದರಲ್ಲಿ ಎರಡಂಕಣದ ಮನೆ ಎದ್ದು, ಹಿಂದೆ ನಾಲ್ಕಡಿ ಅಗಲದ ಜಾಗ ಉಳಿಯಿತು. ಕೈತೋಟ ಅಂದರೆ ಓದುವ ಗೆಳೆಯರ ಕಣ್ಣಿಗೆ ಏನೇನು ಬರುತ್ತದೋ ಗೊತ್ತಿಲ್ಲ. ನಮ್ಮದರಲ್ಲಿರುವುದು ಒಂದು ನುಗ್ಗೆಮರ, ಅದರ ಬುಡದಲ್ಲಿ ಒಂದೆಲಗದ ಪಾತಿ. ಅಷ್ಟೇ. ನಾನು ಗುಲಾಬಿ ಹಾಕೋಣ ಅಂದಿದ್ದೆ. ಕಾಲೇಜು ಓದಿದವನಲ್ಲವೆ! ‘ಗುಲಾಬಿ ಬಸ್ಸಾರಿಗೆ ಬಂದದೇನ್ಲಾ?’ ಅಂದಳು ಅವ್ವ. ಅಲ್ಲಿಗೆ ಚರ್ಚೆ ಮುಗಿಯಿತು.

ಒಂದೆಲಗವನ್ನು ಕಾಣದವರು ಕಡಿಮೆ. ನೆಲಕ್ಕೆ ಅಂಟಿಕೊಂಡೇ ಹರಿಯುವ ಬಳ್ಳಿ. ಗೆಣ್ಣುಗೆಣ್ಣಿಗೆ ಬೇರು ಬಿಡುತ್ತದೆ, ಗೆಣ್ಣಿನಿಂದ ಉದ್ದ ತೊಟ್ಟು ಏಳುತ್ತದೆ, ಒಂದು ತೊಟ್ಟಿನ ತುದಿಗೆ ಒಂದೇ ಎಲೆ. ಹೆಸರು ಬಂದದ್ದು ಅದರಿಂದ. ಹೂವು ಬಿಟ್ಟರೂ ಎಲೆ ಸರಿಸಿ ಹುಡುಕಬೇಕು, ಅಷ್ಟು ಸಣ್ಣದು, ಅಷ್ಟು ಕೆಳಗೆ. ನಮ್ಮ ಈ ಬಿಸಿಲು-ಮಳೆಯ ನಾಡಿನದೇ ಗಿಡ, ಯಾವ ಸಾಹೇಬನೂ ಹಡಗಿನಲ್ಲಿ ತಂದದ್ದಲ್ಲ. ಲಿನೇಯಸ್ 1753ರಲ್ಲಿ ತನ್ನ ಪುಸ್ತಕಕ್ಕೆ ಸೇರಿಸಿಕೊಂಡಾಗಲೂ ಏಷ್ಯಾದ್ದು ಎಂದೇ ಬರೆದುಕೊಂಡ. ಸಸ್ಯಶಾಸ್ತ್ರದವರು ಇದನ್ನು ಕೊತ್ತಂಬರಿ, ಕ್ಯಾರೆಟ್ಟುಗಳ ಕುಟುಂಬಕ್ಕೆ ಸೇರಿಸಿದ್ದಾರೆ. ಅಲ್ಲೂ ಕುಲ ಕೇಳುತ್ತಾರೆ, ಆದರೆ ಯಾರಿಗೂ ಮೈಲಿಗೆ ಆಗುವುದಿಲ್ಲ.

ಹೆಸರಿನ ಮಾತು ಬಂತು, ಹೇಳಿಯೇ ಬಿಡುತ್ತೇನೆ. ಪೇಟೆಯ ಅಂಗಡಿಯಲ್ಲಿ ಇದರ ಪುಡಿ ಡಬ್ಬಿಯಲ್ಲಿ ಕೂತಿರುತ್ತದೆ, ಮೇಲೆ ‘ಬ್ರಾಹ್ಮಿ’ ಎಂದು ಬರೆದಿರುತ್ತದೆ. ತೆಲುಗರು ಸರಸ್ವತಿ ಆಕು ಅನ್ನುತ್ತಾರೆ. ಗಂಡ ಹೆಂಡತಿ ಇಬ್ಬರೂ ಬಂದು ನಮ್ಮ ಒಂದೇ ಒಂದು ಎಲೆಯ ಮೇಲೆ ಕೂತುಬಿಟ್ಟಿದ್ದಾರೆ! ಆಯುರ್ವೇದದವರಲ್ಲೇ ಇದರ ಬಗ್ಗೆ ತಕರಾರಿದೆ. ನೀರುಬ್ರಾಹ್ಮಿ ಎಂಬ ಸಣ್ಣೆಲೆಯ ಗಿಡವೇ ಅಸಲಿ ಬ್ರಾಹ್ಮಿ, ಇದು ಮಂಡೂಕಪರ್ಣಿ ಎಂದು ಕೆಲವರು. ಮಂಡೂಕ ಅಂದರೆ ಕಪ್ಪೆ. ಕಪ್ಪೆ ಇರುವ ಕಡೆ ಬೆಳೆಯುವ ಸೊಪ್ಪಿಗೆ ಆ ಹೆಸರು ಒಪ್ಪುತ್ತದೆ. ತಿಂದರೆ ನೆನಪು ಹೆಚ್ಚುತ್ತದೆ ಎಂಬುದಂತೂ ಎಲ್ಲರ ಬಾಯಲ್ಲೂ ಇದೆ, ವಿಜ್ಞಾನ ಅದನ್ನು ಇನ್ನೂ ಖಚಿತವಾಗಿ ಸಾಬೀತು ಮಾಡಿಲ್ಲ. ನಾನು ಹುಟ್ಟಿದಾಗಿನಿಂದ ತಿಂದಿದ್ದೇನೆ. ಗಣಿತದಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದೇನೆ.

ಅವ್ವನಿಗೆ ಇದು ಬ್ರಾಹ್ಮಿಯೂ ಅಲ್ಲ, ಮದ್ದೂ ಅಲ್ಲ. ಸೊಪ್ಪು. ಗದ್ದೆಯ ಒಡೆಯನಿಗೆ ಇದು ಕಳೆ. ಕಳೆ ಕೀಳಲು ಕೂಲಿ ಕೊಟ್ಟು ಕರೆಯುತ್ತಿದ್ದದ್ದು ಅವ್ವನನ್ನೇ. ಬೆಳಗಿನಿಂದ ಬಗ್ಗಿದ ಸೊಂಟ ಎತ್ತದೆ ಕಿತ್ತು, ಹೊತ್ತು ಇಳಿಯುವಾಗ ಕಿತ್ತ ಕಳೆಯಲ್ಲೇ ಆರಿಸಿ ಮಡಿಲಿಗೆ ತುಂಬಿಕೊಂಡು ಬರುತ್ತಿದ್ದಳು: ಅಣ್ಣೆಸೊಪ್ಪು, ಹೊನಗೊನ್ನೆ, ಗೋಣಿಸೊಪ್ಪು, ತೆವರಿಯ ಒಂದೆಲಗ. ಎಲ್ಲ ಬೆರೆಸಿ ಹುರುಳಿಕಾಳಿನ ಜೊತೆ ಬೇಯಿಸಿ ಬಸಿದರೆ ಸಾರು, ಉಳಿದದ್ದು ಪಲ್ಯ. ಮುದ್ದೆ ಒಲೆ ಮೇಲೆ. ನಾನು ಡಿಗ್ರಿ ಮುಗಿಸುವ ತನಕ ನಮ್ಮ ಮನೆಗೆ ದುಡ್ಡು ಕೊಟ್ಟು ಸೊಪ್ಪು ತಂದದ್ದು ನನಗೆ ನೆನಪಿಲ್ಲ.

ಆ ತೆವರಿಯ ಕತೆ ಇಲ್ಲಿ ಹೇಳಬೇಕು. ಅದು ನಮ್ಮದೇ. ನಮ್ಮ ತಾತನಿಗೆ ದರಖಾಸ್ತಿನಲ್ಲಿ ಸಿಕ್ಕ ಒಂದೂಕಾಲು ಎಕರೆ, ನಾಲೆಯ ಕೆಳಗಿನ ಜೌಗು. ಒಳ್ಳೆಯ ನೆಲವನ್ನು ನಮಗೆ ಯಾರು ಕೊಟ್ಟಾರು? ನೀರು ನಿಂತು ಭತ್ತ ಕೊಳೆಯುತ್ತಿತ್ತು, ಒಂದೆಲಗ ಮಾತ್ರ ಮಂದವಾಗಿ ಹಬ್ಬುತ್ತಿತ್ತಂತೆ. ಅತ್ತೆಯ ಮದುವೆಗೆ ಮುನ್ನೂರು ರೂಪಾಯಿ, ಎರಡು ಪಲ್ಲ ರಾಗಿ ತಂದು, ಅದಕ್ಕೆ ಹೆಬ್ಬೆಟ್ಟು ಒತ್ತಿ ಕೊಟ್ಟ ಕಾಗದ ಆಧಾರದ್ದೋ ಕ್ರಯದ್ದೋ ತಾತನಿಗೆ ಕೊನೆಯ ತನಕ ತಿಳಿಯಲಿಲ್ಲ. ಒಡೆಯರು ಕಾಲುವೆ ತೆಗೆಸಿ ಜೌಗು ಹಿಂಗಿಸಿದರು. ನೆಲ ಬಂಗಾರವಾಯಿತು. ಅದೇ ನೆಲದ ಕಳೆ ಕೀಳಲು ಆ ಮನೆಯ ಸೊಸೆ ಹೋಗುತ್ತಿದ್ದಳು, ಅಂದರೆ ನಮ್ಮವ್ವ.

ದಲಿತರಿಗೆ ಸರ್ಕಾರ ಕೊಟ್ಟ ಜಮೀನು ಹೀಗೆ ಕೈ ಬಿಟ್ಟುಹೋಗಿದ್ದರೆ ಬಿಡಿಸಿಕೊಡಬೇಕೆಂದು 1978ರ ಕಾಯ್ದೆ ಇದೆ, ಪಿಟಿಸಿಎಲ್ ಅನ್ನುತ್ತಾರಲ್ಲ, ಅದು. ಕಾಯ್ದೆ ಬಂದದ್ದು ನಮ್ಮ ಕೇರಿಗೆ ತಿಳಿಯಲು ಎಷ್ಟು ವರ್ಷ ಬೇಕಾಯಿತು ಅನ್ನುವುದೇ ಇನ್ನೊಂದು ಪ್ರಬಂಧ. ಅಪ್ಪ ಅರ್ಜಿ ಹಾಕಿದ್ದು 2012ರಲ್ಲಿ. ನಡೆಯುತ್ತಿರುವಾಗಲೇ 2017ರಲ್ಲಿ ಸುಪ್ರೀಂ ಕೋರ್ಟು, ಇಂಥ ಅರ್ಜಿಯನ್ನು ಸಮಂಜಸವಾದ ಕಾಲದೊಳಗೆ ಹಾಕಬೇಕು ಎಂದಿತು. ತಡವಾಯಿತೆಂದು ನಮ್ಮದು ವಜಾ. ಅಪ್ಪ ಆ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡು ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಾ ಬಂದ. ಕಾಲಮಿತಿ ಇಲ್ಲ ಎಂದು 2023ರಲ್ಲಿ ಕರ್ನಾಟಕ ಕಾಯ್ದೆಗೇ ತಿದ್ದುಪಡಿ ಬಂದಾಗ ಅಪ್ಪ ಇರಲಿಲ್ಲ. ಈಗ ಮೇಲ್ಮನವಿಯ ಫೈಲು ಹಿಡಿದು ನಾನು ಓಡಾಡುತ್ತಿದ್ದೇನೆ.

ಸೊಪ್ಪಿಗೆ ವಾಪಸು ಬರುತ್ತೇನೆ. ಮೂರು ವರ್ಷದ ಹಿಂದೆ ಮುಂಗಾರಿನಲ್ಲಿ ಅವ್ವ ಕಳೆಗೆ ಹೋದವಳು ಹತ್ತು ಗಂಟೆಗೇ ಬರಿಗೈಲಿ ಬಂದಳು. ‘ಕಳೆ ಔಸ್ದಿ ಹೊಡ್ಸವ್ರೆ ಕಣ್ಲಾ. ಇನ್ ಮ್ಯಾಕೆ ಬರದು ಬ್ಯಾಡ್ವಂತೆ.’ ಬೆನ್ನಿಗೆ ಕ್ಯಾನು ಕಟ್ಟಿಕೊಂಡ ಒಬ್ಬ ಹುಡುಗ ಹತ್ತು ಹೆಂಗಸರ ಕೆಲಸವನ್ನು ಒಂದು ಬೆಳಗಿನಲ್ಲಿ ಮುಗಿಸಿದ್ದ. ಆ ಹುಡುಗನೂ ನಮ್ಮ ಕೇರಿಯವನೇ. ಮೂಗಿಗೆ ಬಟ್ಟೆ ಕೂಡ ಕಟ್ಟಿರಲಿಲ್ಲ. ಕೂಲಿ ಹೋಯಿತು ಎಂದು ನಾನು ಲೆಕ್ಕ ಹಾಕುತ್ತಿದ್ದರೆ ಅವ್ವ ಬೇರೆಯೇ ಮಾತು ಆಡಿದಳು: ‘ತೆವ್ರಿ ಎಲ್ಲ ಕೆಂಪಗೆ ಸುಟ್ಟೋಗದೆ. ಸಾರ್ಗೆ ಏನಾಕಾನ?’ ಸಂಜೆ ಕುಡುಗೋಲು ಹಿಡಿದು ಹೋದಳು. ಕಾಲುವೆಯ ಬಾಯಲ್ಲಿ, ಔಷಧಿ ತಗುಲದ ಮೊಳದುದ್ದ ಜಾಗದಲ್ಲಿ ಉಳಿದಿದ್ದ ಒಂದೆಲಗವನ್ನು ಮಣ್ಣಿನ ಹೆಂಟೆ ಸಮೇತ ಎತ್ತಿ, ಮಂಕರಿಯಲ್ಲಿಟ್ಟು, ಮೇಲೆ ಒದ್ದೆ ಗೋಣಿಚೀಲ ಹೊದಿಸಿಕೊಂಡು ಬಂದಳು.

ಸೈಟಿನ ನೆಲ ಸುಣ್ಣದ ಗಾರೆ, ಇಟ್ಟಿಗೆಯ ಚೂರು. ಒಂದಡಿ ಅಗೆದು ತೆಗೆದು, ನಾಲೆಯ ಗೋಡು ತುಂಬಿ, ಆಡಿನ ಹಿಕ್ಕೆ ಬೆರೆಸಿದೆವು. ಅವ್ವ ಬಳ್ಳಿಯನ್ನು ತುಂಡು ಮಾಡಿ, ಪ್ರತಿ ತುಂಡಿಗೂ ಬೇರಿರುವ ಒಂದು ಗೆಣ್ಣು ಬರುವ ಹಾಗೆ ನೋಡಿ, ಗೇಣಿಗೊಂದರಂತೆ ಊರಿದಳು. ಗೆಣ್ಣು ಮಣ್ಣಲ್ಲಿರಬೇಕು, ಎಲೆಯ ಸುಳಿ ಹೂಳಬಾರದು. ಮೊದಲ ಹತ್ತು ದಿನ ಎಲೆ ಹಳದಿಯಾಗಿ, ಒಂದೊಂದಾಗಿ ಮಲಗಿತು. ಹೋಯ್ತು ಅಂದುಕೊಂಡೆ. ‘ಸುಮ್ಕಿರ್ಲಾ, ಹೊಸ ನೆಲ ಅದು. ನಾವೂ ಇಲ್ಗ್ ಬಂದಾಗ ನಿದ್ದೆ ಬತ್ತಿತ್ತಾ?’ ದಿನಾ ಬೆಳಿಗ್ಗೆ ಸಂಜೆ ನೀರು ಚಿಮುಕಿಸುತ್ತಿದ್ದಳು. ಹದಿನೈದನೇ ದಿನಕ್ಕೆ ಗುಬ್ಬಿಯ ಉಗುರಿನಷ್ಟು ಸಣ್ಣ ಹಸಿರು. ಆಮೇಲೆ ಒಂದೊಂದು ಗೆಣ್ಣಿನಿಂದಲೂ ದಾರದಂಥ ಬಳ್ಳಿ ಹೊರಟಿತು. ನುಗ್ಗೆಯ ಅರೆನೆರಳು ಇದಕ್ಕೆ ಹೇಳಿ ಮಾಡಿಸಿದ್ದು. ಪೂರ್ತಿ ಬಿಸಿಲಿನಲ್ಲಿ ಎಲೆ ಸಣ್ಣಗೆ ಒರಟಾಗುತ್ತದೆ, ನೆರಳಿನಲ್ಲಿ ತೊಟ್ಟು ಉದ್ದವಾಗಿ ಎಲೆ ಅಂಗೈಗೆ ಬರುತ್ತದೆ. ಎರಡು ತಿಂಗಳಲ್ಲಿ ಪಾತಿಯ ಮಣ್ಣು ಕಾಣದಾಯಿತು. ಮೊದಲೆಲ್ಲ ಮಳೆ ಹನಿ ಬಿದ್ದು ಗೋಡೆಗೆ ಕೆಸರು ಸಿಡಿಯುತ್ತಿತ್ತು, ಅದೂ ನಿಂತಿತು. ಬೇಸಿಗೆಯಲ್ಲಿ ಎಲೆ ಸರಿಸಿ ಬೆರಳಿಟ್ಟರೆ ಕೆಳಗೆ ತಣ್ಣಗಿರುತ್ತದೆ.

ಮೊದಮೊದಲು ಗರಿಕೆ, ಜೇಕು ನುಗ್ಗುತ್ತಿದ್ದವು. ಅವ್ವ ಕುಕ್ಕರಗಾಲಲ್ಲಿ ಕೂತು ಕೀಳುತ್ತಿದ್ದಳು. ಮೂವತ್ತು ವರ್ಷ ಬೇರೆಯವರ ಗದ್ದೆಯಲ್ಲಿ ಕಳೆ ಕಿತ್ತ ಕೈ. ಅಲ್ಲಿ ಎಂದೂ ಹಾಡದವಳು ಇಲ್ಲಿ ಏನೋ ಗುನುಗುತ್ತಿದ್ದಳು. ನಾನು ಹತ್ತಿರ ಹೋದರೆ ನಿಲ್ಲಿಸಿಬಿಡುತ್ತಿದ್ದಳು.

ನೀರಿಗೆ ತಾಪತ್ರಯವಾದಾಗ ಬೀದಿಯ ಮೋರಿ ನೀರನ್ನೇ ಪಾತಿಗೆ ತಿರುಗಿಸೋಣ ಅಂತ ನಾನು ಹೊರಟಿದ್ದೆ. ಅವ್ವ ಬೈದಳು. ‘ಮೋರಿ ಒಂದೆಲ್ಗ ನೋಡಕ್ ಚಂದ, ತಿನ್ನಕಲ್ಲ.’ ಓದಿ ನೋಡಿದರೆ ಅವ್ವ ಹೇಳಿದ್ದೇ ಸರಿ. ಈ ಗಿಡ ಕೊಳೆನೀರಿನ ಸೀಸ, ತಾಮ್ರ, ಸತುವನ್ನೆಲ್ಲ ಬೇರಿಗೂ ಎಲೆಗೂ ಎಳೆದುಕೊಳ್ಳುತ್ತದೆ, ಮೋರಿಯ ಹುಳಹುಪ್ಪಟೆಯೂ ಎಲೆಗಂಟಿ ಬರುತ್ತದೆ. ಹಸಿಯಾಗಿ ಚಟ್ನಿ ಅರೆಯುವವರು ಎಲ್ಲಿಯದು ಎಂದು ಕೇಳಿಯೇ ಕೊಳ್ಳಬೇಕು. ನಲ್ಲಿ ಬಾರದ ದಿನ ಈಗ ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಪಾತಿಗೆ. ಕೊಯ್ಯುವಾಗಲೂ ಅವಳದೊಂದು ಕಟ್ಟುನಿಟ್ಟು: ಬಳ್ಳಿ ಎಳೆಯಬಾರದು, ಎಲೆಯನ್ನು ತೊಟ್ಟಿನ ಸಮೇತ ಉಗುರಿನಲ್ಲಿ ಚಿವುಟಬೇಕು, ಒಂದೇ ಕಡೆ ಬೋಳಿಸಬಾರದು.

ಹೋದ ಮಾಘದಲ್ಲಿ ಒಂದು ಸಂಜೆ ಗೌಡರ ಮನೆಯ ಅಮ್ಮ ನಮ್ಮ ಬಾಗಿಲಿಗೆ ಬಂದರು. ತಾತನ ನೆಲ ಇರುವುದು ಅವರ ಕೈಯಲ್ಲೇ. ಕೇರಿಯ ಕಡೆ ಅವರು ಕಾಲಿಟ್ಟದ್ದನ್ನು ನಾನು ಕಂಡಿರಲಿಲ್ಲ. ಹಿಂದೆಲ್ಲ ಅವ್ವ ಕಳೆಯಿಂದ ಬರುವಾಗ ಒಂದು ಹಿಡಿ ಒಂದೆಲಗ ಅವರ ಜಗಲಿಯ ಮೇಲಿಟ್ಟು ದೂರ ನಿಲ್ಲಬೇಕಿತ್ತು. ಅವರು ಅದರ ಮೇಲೆ ನೀರು ಚಿಮುಕಿಸಿ ಒಳಗೆ ಎತ್ತಿಕೊಳ್ಳುತ್ತಿದ್ದರು. ಸಣ್ಣವನಿದ್ದಾಗ ಬಾಡದಿರಲಿ ಅಂತ ಚಿಮುಕಿಸುತ್ತಾರೆ ಅಂದುಕೊಂಡಿದ್ದೆ.

‘ಮೊಮ್ಮಗ ಎಸ್ಸೆಲ್ಸಿ ಕಣವ್ವ. ಗ್ಯಪ್ತಿ ನಿಲ್ಲಕ್ಕಿಲ್ಲ ಅಂತಾನೆ. ಗದ್ದೇಲಿ ಒಂದೆಲೆ ಇಲ್ದಂಗಾಗದೆ. ನಿಮ್ಮಟ್ಟಿ ಹಿಂದೆ ಬೆಳ್ದದೆ ಅಂದ್ರು.’

ನನಗೆ ಬಾಯಿಗೆ ಬಂದ ಮಾತು ಬಹಳ. ಫೈಲು ಮೊಳೆಗೆ ನೇತುಹಾಕಿದ ಚೀಲದಲ್ಲೇ ಇತ್ತು. ಅವ್ವ ಒಂದು ಸಲ ನನ್ನ ಮುಖ ನೋಡಿ, ಹಿತ್ತಲಿಗೆ ಹೋಗಿ, ಎಲೆ ಚಿವುಟದೆ, ಎರಡು ಹಿಡಿ ಬಳ್ಳಿಯನ್ನು ಬೇರು-ಮಣ್ಣಿನ ಸಮೇತ ಕಿತ್ತು ತಂದಳು.

‘ಎಲೆ ಕೊಟ್ರೆ ನಾಳಿಕ್ ಮುಗೀತದೆ ಕನ್ರವ್ವ. ನೆರಳಲ್ಲಿ ಊರ್ಕಳಿ. ಔಸ್ದಿ ಹೊಡೀಬ್ಯಾಡಿ.’

ಅಮ್ಮ ಸೆರಗು ಒಡ್ಡಿದರು. ಮಣ್ಣು ಸಮೇತ ಕಟ್ಟಿಕೊಂಡರು, ನೀರು ಚಿಮುಕಿಸಲಿಲ್ಲ. ನಡೆದು ಬಂದು ಸುಸ್ತಾಗಿದ್ದರು, ಏದುಸಿರು ಬಿಡುತ್ತಿದ್ದರು. ಅವ್ವ ಒಳಗಿನಿಂದ ಚೊಂಬಿನಲ್ಲಿ ನೀರು ತಂದು ಮುಂದೆ ಹಿಡಿದಳು.

‘ಬ್ಯಾಡ ಕಣವ್ವ, ಈಗ್ತಾನೆ ಕುಡ್ಕಂಡ್ ಬಂದೆ.’

ಅವರು ಬೀದಿ ದಾಟುವ ತನಕ ಅವ್ವ ಚೊಂಬು ಹಿಡಿದೇ ನಿಂತಿದ್ದಳು. ಆಮೇಲೆ ಹಿತ್ತಲಿಗೆ ಹೋಗಿ, ಬಳ್ಳಿ ಕಿತ್ತ ಜಾಗದ ಮಣ್ಣನ್ನು ಕಾಲ್ಬೆರಳಿನಿಂದ ಸರಿಮಾಡಿ, ಆ ನೀರನ್ನು ಅಲ್ಲಿಗೇ ಸುರಿದಳು. ಹೇಗಿದ್ದರೂ ಪಾತಿಗೆ ನೀರು ಹಾಕುವ ಹೊತ್ತಾಗಿತ್ತು.