ಎಡಗಿವಿಯ ಗಿಟಾರು

ಒಂದು ಕಾಲಕ್ಕೆ ಹೊರದೇಶದ ದೊಡ್ಡ ರಾಕ್ ಬ್ಯಾಂಡ್ ನೋಡಬೇಕೆಂದರೆ ಮುಂಬಯಿಯವರೂ ಪುಣೆಯವರೂ ಬೆಂಗಳೂರಿನ ರೈಲು ಹತ್ತುತ್ತಿದ್ದರು. 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ. ಎಲ್ಲರೂ ಹಾಡಿದ್ದು ನಮ್ಮ ಅರಮನೆ ಮೈದಾನದಲ್ಲಿ. ಈಗ ಗಾಳಿ ಮುಂಬಯಿ ಕಡೆ ತಿರುಗಿದೆ. ಯು ಟೂ 2019ರಲ್ಲಿ ಬಂದದ್ದು ನವಿ ಮುಂಬಯಿಗೆ. 2025ರ ಮೇ 17ರ ಶನಿವಾರ ಗನ್ಸ್ ಎನ್ ರೋಸಸ್ ಬಂದದ್ದು ಮಹಾಲಕ್ಷ್ಮಿ ರೇಸ್‌ಕೋರ್ಸಿಗೆ. ಪುಣೆಯಲ್ಲಿರುವ ನನ್ನಂಥ ಕನ್ನಡಿಗನಿಗೆ ಊರಿನ ಅಭಿಮಾನಕ್ಕೆ ಸ್ವಲ್ಪ ಪೆಟ್ಟು, ಪ್ರಯಾಣದಲ್ಲಿ ಒಂದಿಷ್ಟು ಉಳಿತಾಯ.

ಜೊತೆಗೆ ಬಂದವನು ಹೈದರಾಬಾದಿನಲ್ಲಿರುವ ಗೆಳೆಯ. ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ನಾಲ್ಕು ವರ್ಷ ಒಂದೇ ರೂಮು. 2007ರ ಮಾರ್ಚಿನಲ್ಲಿ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ಐರನ್ ಮೇಡನ್ ನೋಡಿ, ಮತ್ತೆ ರಾತ್ರಿ ಬಸ್ಸಿಗೇ ವಾಪಸಾಗಿ, ಬೆಳಿಗ್ಗೆ ಬೆಣ್ಣೆದೋಸೆ ತಿಂದು ಮಲಗಿದವರು ನಾವು. ಎರಡು ದಿನ ಕಿವಿ ಗುಂಯ್ ಅನ್ನುತ್ತಿತ್ತು. ಅದನ್ನು ಪ್ರಸಾದ ಅಂತ ತಿಳಿದಿದ್ದೆವು.

ಅವನು ಗಿಟಾರ್ ಕಲಿತದ್ದು ಗುರುಗಳಿಂದಲ್ಲ, ವಿನ್‌ಆ್ಯಂಪ್‌ನಿಂದ. ಗನ್ಸ್ ಎನ್ ರೋಸಸ್‌ನ ಮೊದಲ ಆಲ್ಬಂ 'ಅಪೆಟೈಟ್ ಫಾರ್ ಡಿಸ್ಟ್ರಕ್ಷನ್' ಹೊರಬಂದದ್ದು 1987ರ ಜುಲೈಯಲ್ಲಿ, ಅಂದರೆ ನಮ್ಮಿಬ್ಬರ ವಯಸ್ಸೇ ಅದಕ್ಕೂ. ಅದರಲ್ಲಿ ಎರಡು ಗಿಟಾರುಗಳನ್ನು ಎರಡು ಬದಿಗೆ ಹಂಚಿದ್ದಾರೆ. ಬಲಕ್ಕೆ ಸ್ಲ್ಯಾಶ್, ಎಡಕ್ಕೆ ಇಜ್ಜಿ ಸ್ಟ್ರಾಡ್ಲಿನ್. ಸ್ಲ್ಯಾಶ್‌ನದು ಎಲ್ಲರೂ ಗುನುಗುವ ಸೋಲೊಗಳು. ಇಜ್ಜಿಯದು ಅದರ ಕೆಳಗೆ ಹಾಸಿದ ಚಾಪೆ. ಅದು ಇದೆ ಅಂತ ಯಾರಿಗೂ ಹೊಳೆಯುವುದಿಲ್ಲ, ತೆಗೆದರೆ ಹಾಡು ಕುಸಿಯುತ್ತದೆ. ಗೆಳೆಯ ಬ್ಯಾಲೆನ್ಸನ್ನು ಪೂರ್ತಿ ಎಡಕ್ಕೆ ಎಳೆದು ಇಜ್ಜಿಯನ್ನೊಬ್ಬನನ್ನೇ ಗಂಟೆಗಟ್ಟಲೆ ಕೇಳುತ್ತಿದ್ದ. 'ಸ್ಲ್ಯಾಶ್ ಆಗಾಕೆ ಎಲ್ರೂ ಹೊಂಟಾರ, ನಾನು ಇಜ್ಜಿ ಆಗ್ತೀನಿ' ಅನ್ನುತ್ತಿದ್ದ. ಕಾಲೇಜ್ ಡೇಗೆ ಎರಡು ಸಲ ಆದದ್ದೂ ಹೌದು.

ಹೋದ ವರ್ಷ ಒಂದು ಬೆಳಿಗ್ಗೆ ಏಳುವಾಗ ಅವನ ಎಡಗಿವಿ ಮುಚ್ಚಿಹೋಗಿತ್ತು. ನೆಗಡಿ ಅಂದುಕೊಂಡ. ಸಂಜೆ ಆ ಬದಿಗೆ ಫೋನ್ ಹಿಡಿದರೆ ಬರೀ ಗುಂಯ್. ಮರುದಿನವೇ ಡಾಕ್ಟರ ಬಳಿ ಹೋದ. ಇದು ಹಠಾತ್ತನೆ ಒಳಕಿವಿಗೆ ಬರುವ ತೊಂದರೆ, ಬೇಗ ಬಂದದ್ದು ಒಳ್ಳೆಯದಾಯಿತು ಎಂದು ಸ್ಟಿರಾಯ್ಡ್ ಕೊಟ್ಟರು. ಒಂದಷ್ಟು ವಾಪಸ್ ಬಂತು, ಹೆಚ್ಚಿನದು ಬರಲಿಲ್ಲ. ಗುಂಯ್ ಮಾತ್ರ ಉಳಿಯಿತು. ಕಾರಣ ಏನೆಂದರೆ ಬಹಳಷ್ಟು ಜನರಲ್ಲಿ ಗೊತ್ತಾಗುವುದೇ ಇಲ್ಲವಂತೆ. ತಿಂಗಳಾದ ಮೇಲೆ ಒಂದು ರಾತ್ರಿ ನನಗೆ ಫೋನ್ ಮಾಡಿದ. ನೌಕರಿ, ಮೀಟಿಂಗು, ಗಾಡಿ ಓಡಿಸುವುದು ಇದ್ಯಾವುದರ ಚಿಂತೆಯೂ ಅಲ್ಲ. 'ಲೇ, ಹೆಡ್‌ಫೋನ್ ಹಾಕ್ಕೊಂಡ್ರೆ ಇಜ್ಜಿ ಇಲ್ಲಲೇ' ಅಂದ.

ಓದುಗರಲ್ಲಿ ಅರ್ಧ ಜನ ಐಟಿಯವರೇ ಇರುವುದರಿಂದ ಈಗ ಏನು ಹೇಳುತ್ತೀರೆಂದು ಗೊತ್ತು. ನಾನೂ ಅದನ್ನೇ ಹೇಳಿದೆ. ಫೋನಿನಲ್ಲಿ ಮೊನೊ ಆಡಿಯೊ ಅಂತ ಒಂದು ಸೌಲಭ್ಯವಿದೆ, ಎರಡೂ ಬದಿಯ ಸದ್ದನ್ನು ಕೂಡಿಸಿ ಒಂದೇ ಕಿವಿಗೆ ಕೊಡುತ್ತದೆ. ಅವನು ಆಗಲೇ ಹಾಕಿ ನೋಡಿದ್ದ. 'ಅನ್ನ, ಸಾರು, ಪಾಯಸ ಎಲ್ಲಾ ಕಲಸಿ ಇಟ್ಟಂಗೆ ಐತೆ' ಅಂದ. ಎರಡು ಗಿಟಾರು ಒಂದರ ಮೇಲೊಂದು ಬಿದ್ದು ಯಾವುದು ಯಾರದೆಂದು ಬಿಡಿಸಲಾಗುತ್ತಿರಲಿಲ್ಲ. ಆಮೇಲೆ ಹಾಡು ಕೇಳುವುದನ್ನೇ ಬಿಟ್ಟ.

ಟಿಕೆಟ್ ಮಾರಾಟಕ್ಕೆ ಬಂದಾಗ ಅದಕ್ಕೇ ನಾನು ಹಿಂದೆಮುಂದೆ ನೋಡುತ್ತಿದ್ದೆ. ಅವನೇ ಎರಡು ತೆಗೆದು ಕಳಿಸಿದ. 2012ರ ಡಿಸೆಂಬರಿನಲ್ಲಿ ಇದೇ ಬ್ಯಾಂಡ್ ಬೆಂಗಳೂರಿಗೆ ಬಂದಾಗ 'ಸ್ಲ್ಯಾಶ್ ಇಲ್ದಿದ್ದು ಮೆಣಸಿನಕಾಯಿ ಇಲ್ದ ಮಿರ್ಚಿ ಇದ್ದಂಗೆ' ಎಂದು ಹೋಗಲು ಒಪ್ಪದಿದ್ದವನು. ಸ್ಲ್ಯಾಶ್ 1996ರಲ್ಲಿ ಬ್ಯಾಂಡ್ ಬಿಟ್ಟು ವಾಪಸಾದದ್ದು 2016ರಲ್ಲಿ, ಬಾಸ್ ನುಡಿಸುವ ಡಫ್ ಮಕೇಗನ್ ಕೂಡ ಆಗಲೇ ಮರಳಿದ. ಇಜ್ಜಿ ಮಾತ್ರ 1991ರಲ್ಲಿ ಹೋದವನು ಮರಳಲೇ ಇಲ್ಲ. ಅವನ ಜಾಗದಲ್ಲಿ ಈಗ ರಿಚರ್ಡ್ ಫೋರ್ಟಸ್.

ಡಾಕ್ಟರು ಬೇಡ ಅನ್ನಲಿಲ್ಲ, ಷರತ್ತು ಹಾಕಿದರು. ಎರಡೂ ಕಿವಿಗೆ ಪ್ಲಗ್, ಸ್ಪೀಕರುಗಳಿಂದ ದೂರ, ಮಧ್ಯೆ ಮಧ್ಯೆ ವಿರಾಮ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 100 ಡೆಸಿಬಲ್ ಆದರೆ ವಾರವಿಡೀ ಸೇರಿ 20 ನಿಮಿಷ ಮಾತ್ರ. ರಾಕ್ ಕಛೇರಿ ನೂರರ ಆಸುಪಾಸಿನದು. ಒಳ್ಳೆಯ ಕಿವಿ ಒಂದೇ ಉಳಿದವನಿಗೆ ಇದು ಆಟದ ಮಾತಲ್ಲ. ಫೋಮ್ ಪ್ಲಗ್ ಹಾಕಿದರೆ ತಾರಸ್ವರಗಳೆಲ್ಲ ಸತ್ತು ಕಂಬಳಿ ಹೊದ್ದು ಕೇಳಿದಂತಾಗುತ್ತದೆ. ಸಂಗೀತಗಾರರು ಬಳಸುವ ಫಿಲ್ಟರ್ ಪ್ಲಗ್ ಬೇರೆ, ಅದು ಎಲ್ಲ ಸ್ವರವನ್ನೂ ಹೆಚ್ಚುಕಡಿಮೆ ಸಮನಾಗಿ ತಗ್ಗಿಸುತ್ತದೆ. ಅದನ್ನೇ ಎರಡು ಜೊತೆ ತರಿಸಿದ. ಒಂದು ನನಗೆ.

ಶುಕ್ರವಾರ ರಾತ್ರಿ ಅವನು ಪುಣೆಗೆ ಬಂದ. ಬೆಳಿಗ್ಗೆ ಏಳೂಕಾಲರ ಡೆಕ್ಕನ್ ಕ್ವೀನ್. 1930ರಿಂದ ಓಡುತ್ತಿರುವ ಈ ರೈಲಿಗೆ ಊಟದ ಡಬ್ಬಿ ಇದೆ, ಚೀಸ್ ಟೋಸ್ಟಿಗೆ ಸಾಲು ಹತ್ತುತ್ತದೆ. ಕಿಟಕಿ ಬದಿ ಸೀಟು ನನ್ನದಾಗಿತ್ತು. 'ಈ ಕಡೆ ಬಾರ್ಲೇ' ಎಂದು ಎಬ್ಬಿಸಿ ತಾನು ಎಡಗಿವಿಯನ್ನು ಕಿಟಕಿಗೆ ಕೊಟ್ಟು ಕೂತ. ಮಾತಾಡಬೇಕಾದರೆ ನಾನು ಯಾವಾಗಲೂ ಅವನ ಬಲಕ್ಕಿರಬೇಕು. ಲೋಣಾವಳ ದಾಟಿ ಘಾಟಿ ಇಳಿಯುವಾಗ ಸುರಂಗದ ನಂತರ ಸುರಂಗ. ಸದ್ದು ಎರಡೂ ಗೋಡೆಗೆ ಬಡಿದು ನುಗ್ಗುವಾಗ ಅವನು ಕಣ್ಣು ಮುಚ್ಚಿ, 'ಎಲ್ಲಾ ಬಲಗಡೆಯಿಂದಾನೇ ಬರ್ತೈತೆ' ಅಂದ. ಕರ್ಜತಿನ ವಡಾ ಬಂದಾಗ ಕಣ್ಣು ತೆರೆದ.

ದಾದರ್ ನನಗೆ ಹೊಸದಲ್ಲ. ಆದರೆ ಒಂದೇ ಕಿವಿಯವನ ಜೊತೆ ದಾದರ್ ಸೇತುವೆ ದಾಟುವುದು ಬೇರೆಯೇ ಅನುಭವ. ಸದ್ದು ಯಾವ ದಿಕ್ಕಿನಿಂದ ಬಂತೆಂದು ನಮಗೆ ತಿಳಿಯುವುದು ಎರಡು ಕಿವಿಗಳಿಗೆ ಅದು ತಲುಪುವ ಸಣ್ಣ ಅಂತರದಿಂದ. ಅವನಿಗೆ ಅದು ಇಲ್ಲ. ಹಮಾಲರು 'ಬಾಜೂ, ಬಾಜೂ' ಎಂದು ಕೂಗುತ್ತ ಬಂದರೆ ಯಾವ ಕಡೆ ಸರಿಯಬೇಕೆಂದು ತಿಳಿಯದೆ ನಡುವೆಯೇ ನಿಂತುಬಿಡುತ್ತಿದ್ದ. ಎರಡು ಸಲ ತೋಳು ಹಿಡಿದು ಎಳೆದೆ. ಮೂರನೆಯ ಸಲ ಅವನೇ ನನ್ನ ಬ್ಯಾಗಿನ ಪಟ್ಟಿ ಹಿಡಿದುಕೊಂಡ.

ಮಾಟುಂಗಾದಲ್ಲಿ ನನ್ನ ಚಿಕ್ಕಮ್ಮನ ಮನೆ. ಊಟಕ್ಕೆ ಬಡಿಸುತ್ತ ವಿಚಾರಿಸಿದರು, 'ಯಾರೋ ಅವರು, ಹಾಡೋರು? ವಯಸ್ಸೆಷ್ಟು?'

'ಆಕ್ಸಲ್ ರೋಸ್ ಅಂತ, ಚಿಕ್ಕಮ್ಮ. ಅರವತ್ಮೂರು.'

'ಅಯ್ಯೋ, ನಿಮ್ಮ ಚಿಕ್ಕಪ್ಪನ ವಯಸ್ಸು. ಕೂತು ಹಾಡ್ತಾರೇನು?'

ನಗು ಬಂತು, ಆದರೆ ಅದೂ ನಡೆದಿದೆ. 2016ರಲ್ಲಿ ಎಸಿ/ಡಿಸಿ ಬ್ಯಾಂಡಿನ ಗಾಯಕ ಬ್ರಯಾನ್ ಜಾನ್ಸನ್‌ಗೆ, ಹಾಡುವುದನ್ನು ನಿಲ್ಲಿಸದಿದ್ದರೆ ಕಿವಿ ಪೂರ್ತಿ ಹೋಗುತ್ತದೆ ಎಂದು ವೈದ್ಯರು ಎಚ್ಚರಿಸಿದರು. ಉಳಿದ ಪ್ರವಾಸಕ್ಕೆ ಅವನ ಬದಲು ಹಾಡಿದವನು ಆಕ್ಸಲ್. ಆಗ ಅವನ ಕಾಲು ಮುರಿದಿತ್ತು, ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ ಹಾಡಿದ್ದ. ಜಾನ್ಸನ್ ಮುಂದೆ ಹೊಸ ಉಪಕರಣಗಳ ನೆರವಿನಿಂದ ಮರಳಿ ಬಂದ. ಈ ಕಥೆಯನ್ನು ಗೆಳೆಯ ಚಿಕ್ಕಮ್ಮನಿಗೆ ಹೇಳಿದ ರೀತಿ ನೋಡಿದರೆ, ಅದನ್ನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೋ ಅನ್ನಿಸಿತು.

ಮಹಾಲಕ್ಷ್ಮಿ ರೇಸ್‌ಕೋರ್ಸ್ ಶುರುವಾದದ್ದು 1883ರಲ್ಲಿ. ಇನ್ನೂರಕ್ಕೂ ಹೆಚ್ಚು ಎಕರೆ ಬಯಲು, ಸುತ್ತ ಗೋಪುರದಂಥ ಮನೆಗಳು, ಸ್ಟೇಷನ್ ಪಕ್ಕದಲ್ಲಿ ಧೋಬಿ ಘಾಟ್. ಮುಂಬಯಿಯಲ್ಲಿ ಇಷ್ಟು ಆಕಾಶ ಒಟ್ಟಿಗೆ ಸಿಗುವುದು ಸಮುದ್ರದ ದಂಡೆ ಬಿಟ್ಟರೆ ಇಲ್ಲೇ ಇರಬೇಕು. ಮೇ ತಿಂಗಳ ಬೆವರು. ನೀರಿನ ಸಾಲು, ಶೌಚಾಲಯದ ಸಾಲು, ಟೀ ಶರ್ಟಿನ ಸಾಲು; ಅದರ ವರ್ಣನೆ ಬೇಡ. ಜನ ನೋಡುವುದೇ ಚೆಂದವಿತ್ತು. ನಮ್ಮ ವಯಸ್ಸಿನವರು ಹೊಟ್ಟೆಗೆ ಬಿಗಿಯಾದ ಹಳೆಯ ಕಪ್ಪು ಟೀ ಶರ್ಟಿನಲ್ಲಿ, ಹದಿನಾರರ ಮಕ್ಕಳು ಅದೇ ಚಿತ್ರದ ಹೊಸ ಟೀ ಶರ್ಟಿನಲ್ಲಿ.

ಎಲ್ಲರೂ ವೇದಿಕೆ ಕಡೆ ನುಗ್ಗಿದರೆ ಗೆಳೆಯ ನನ್ನನ್ನು ಹಿಂದಕ್ಕೆ ಎಳೆದುಕೊಂಡು ಹೋದ. ಮೈದಾನದ ನಡುವೆ ಸೌಂಡ್ ಇಂಜಿನಿಯರುಗಳು ಕೂರುವ ಡೇರೆ ಇರುತ್ತದೆ. ಅವರು ಅಲ್ಲಿ ಕೇಳಿಸುವಂತೆ ಮಿಶ್ರಣ ಮಾಡುವುದರಿಂದ ಅದರ ಹಿಂದೆ ನಿಂತವರಿಗೇ ಒಳ್ಳೆಯ ಸದ್ದು. ಅವನ ಎಡಕ್ಕೆ ಕಬ್ಬಿಣದ ಕಟಕಟೆ, ಬಲಕ್ಕೆ ನಾನು. ಪ್ಲಗ್ ಹಾಕಿಕೊಂಡೆವು. ನಡುಬೆರಳು ಮಡಚಿದರೆ ವಿರಾಮ, ಹೆಬ್ಬೆರಳು ಎತ್ತಿದರೆ ಸರಿ ಇದೆ ಎಂದು ಸನ್ನೆ ಗೊತ್ತು ಮಾಡಿಕೊಂಡಿದ್ದೆವು.

ಆಕ್ಸಲ್‌ನ ಗಂಟಲ ಬಗ್ಗೆ ಸುಳ್ಳು ಹೇಳಲಾರೆ. ತಾರಸ್ಥಾಯಿಯಲ್ಲಿ ದನಿ ದಾರದಷ್ಟು ಸಣ್ಣದಾಗಿದೆ. ಎಷ್ಟೋ ಕಡೆ ಜನರೇ ಹಾಡಿ ದಾಟಿಸಿದರು. ಕೆಳಗಿನ ಸ್ವರಗಳಲ್ಲಿ ಮಾತ್ರ ಆ ಗೊಗ್ಗರು ಹಾಗೇ ಇದೆ. ಇಂಟರ್ನೆಟ್ಟಿನಲ್ಲಿ ಅವನನ್ನು ಆಡಿಕೊಳ್ಳುವವರು ಬಹಳ. ಅರವತ್ಮೂರರ ಮನುಷ್ಯ ಆ ಸೆಕೆಯಲ್ಲಿ ಎರಡು ಗಂಟೆ ದಾಟಿಯೂ ವೇದಿಕೆ ಬಿಡದೆ ಓಡಾಡಿದ್ದನ್ನು ನೋಡಿದ ಮೇಲೆ ನನಗೆ ಆಡಿಕೊಳ್ಳುವ ಮನಸ್ಸಿಲ್ಲ. 'ನವೆಂಬರ್ ರೇನ್'ಗೆ ಪಿಯಾನೊ ಮುಂದೆ ಕೂತಾಗ, ಹೌದು ಚಿಕ್ಕಮ್ಮ, ಕೂತೇ ಹಾಡಿದ. ಇನ್ನೆರಡು ತಿಂಗಳಿಗೆ ಅರವತ್ತು ತುಂಬಲಿದ್ದ ಸ್ಲ್ಯಾಶ್‌ನ ಬೆರಳಿಗೆ ಮಾತ್ರ ವಯಸ್ಸಾದದ್ದು ನನಗೆ ಕಾಣಲಿಲ್ಲ.

ಗೆಳೆಯ ಮೂರು ಸಲ ಬೆರಳು ಮಡಚಿದ. ಮೂರು ಸಲವೂ ಹೊರಗಿನ ಅಂಚಿಗೆ ಹೋಗಿ ಹತ್ತು ನಿಮಿಷ ನಿಂತು ಬಂದೆವು. ಎರಡನೆಯ ಸಲ ಒಂದು ಹಾಡಿನ ಅರ್ಧ ತಪ್ಪಿತು. ಮರಳಿ ಬಂದು ಅವನು ಕಟಕಟೆಯ ಮೇಲೆ ಎಡಗೈ ಇಟ್ಟ. ಡಫ್‌ನ ಬಾಸ್ ಕಬ್ಬಿಣದಲ್ಲಿ ಹರಿಯುತ್ತಿತ್ತು, ನಾನೂ ಮುಟ್ಟಿ ನೋಡಿದೆ. ಕೊನೆಗೆ 'ಪ್ಯಾರಡೈಸ್ ಸಿಟಿ' ಶುರುವಾದಾಗ ಮೈದಾನವೆಲ್ಲ ಕುಣಿಯುತ್ತಿದ್ದರೆ ಅವನು ಅಲುಗಾಡದೆ ದೊಡ್ಡ ಪರದೆಯನ್ನೇ ನೋಡುತ್ತಿದ್ದ. ಸ್ಲ್ಯಾಶ್‌ನನ್ನಲ್ಲ, ಫೋರ್ಟಸ್‌ನ ಕೈಯನ್ನು. ಅವನ ಬಲಗೈ ಬೆರಳುಗಳು ತೊಡೆಯ ಮೇಲೆ ಲಯ ಹಾಕುತ್ತಿದ್ದವು. ಅಳುತ್ತಿದ್ದನೋ ಬೆವರೋ, ನಾನು ಕೇಳಲಿಲ್ಲ. ಹೆಬ್ಬೆರಳು ಮಾತ್ರ ಎತ್ತಿದ.

ಮಹಾಲಕ್ಷ್ಮಿ ಸ್ಟೇಷನ್ನಿಗೆ ಜನ ಹೊಳೆಯಂತೆ ಹರಿಯುತ್ತಿದ್ದರು. ಮಾಟುಂಗಾ ರೋಡಿನಲ್ಲಿ ಇಳಿದ ಮೇಲೆಯೇ ಮಾತಾಡಿದ್ದು.

'ಇಂಥಾ ಮೈದಾನದಾಗೆ ಎರಡೂ ಕಡೆ ಸ್ಪೀಕರಿಗೆ ಹೆಚ್ಚು ಕಡಿಮೆ ಒಂದೇ ಸದ್ದು ಬಿಡ್ತಾರೆ, ಗೊತ್ತೇನ್ಲೇ? ಇಲ್ಲಾಂದ್ರೆ ಬಲಕ್ಕೆ ನಿಂತೋರಿಗೆ ಅರ್ಧ ಬ್ಯಾಂಡೇ ಕೇಳಲ್ಲ.'

'ಅಂದ್ರೆ ಮೊನೊ. ನಿಂಗೆ ಅದು ಸರಿಬರಲಿಲ್ವಲ್ಲ.'

'ಫೋನ್‌ನಾಗೆ ಕೈ ಕಾಣಲ್ಲಲೇ. ಇಲ್ಲಿ ಕೈ ನೋಡ್ತಾ ಕೇಳಿದೆ. ಕಣ್ಣಿಂದ ಬಿಡಿಸಿಕೊಂಡೆ. ಅದು ಇಜ್ಜಿ ಅಲ್ಲ, ಆದ್ರೆ ಆ ಕೆಲಸ ಅಲ್ಲೇ ಐತೆ.'

ಭಾನುವಾರ ಬೆಳಿಗ್ಗೆ ಕಿಂಗ್ಸ್ ಸರ್ಕಲ್ ಹತ್ತಿರದ ಉಡುಪಿ ಹೋಟೆಲಿಗೆ ಹೋದೆವು. ಮಾಣಿ ಎಡಗಡೆ ಬಂದು ಏನು ಬೇಕೆಂದು ಕನ್ನಡದಲ್ಲೇ ಎರಡು ಸಲ ಕೇಳಿದ. ಇವನು ತಟ್ಟೆ ನೋಡುತ್ತ ಕೂತಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಣಿ ಏನೂ ಹೇಳದೆ ಮೇಜು ಸುತ್ತಿ ಬಂದು ಬಲಗಡೆ ನಿಂತ. ನೀರ್ದೋಸೆ ಎರಡು ಪ್ಲೇಟ್.

ಹತ್ತು ದಿನ ಬಿಟ್ಟು ಹೈದರಾಬಾದಿನಿಂದ ಮೆಸೇಜ್ ಬಂತು. ಮೊದಲು ಆಡಿಯೊಗ್ರಾಮಿನ ಫೋಟೊ: ಬಲಗಿವಿಯ ಗೆರೆ ಹಿಂದಿನ ಸಲದಂತೆಯೇ ಇದೆ, ಒಂದು ಚೂರೂ ಇಳಿದಿಲ್ಲ. ಎಡದ್ದೂ ಹಾಗೇ, ಏರಿಲ್ಲ. ಎರಡನೆಯದು ಒಂದು ವಿಡಿಯೊ. ಹಳೇ ಗಿಟಾರಿಗೆ ಹೊಸ ತಂತಿ ಹಾಕಿಸಿದ್ದಾನೆ. ಕ್ಯಾಮೆರಾ ಅವನ ಬಲಗೈ ಮೇಲಿದೆ, ಮುಖ ಕಾಣುವುದಿಲ್ಲ. ನುಡಿಸುತ್ತಿರುವುದು ಎಡಗಡೆಯ ಭಾಗ.